ಮುಂಜಾನೆ ಎಂಟಕ್ಕೆ ಫುಲ್ ಇಂಗ್ಲಿಷ್

ಅಂಗಡಿ ಇಟ್ಟವನಿಗೆ ಗಿರಾಕಿ ಬರುತ್ತಾರೋ ಇಲ್ಲವೋ, ಗೊಂದಲ ಮಾತ್ರ ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತದೆ. ಜಮಖಂಡಿಯಲ್ಲಿ ನನ್ನದು ಮಿಕ್ಸರ್, ಕುಕ್ಕರ್, ಗ್ಯಾಸ್ ಒಲೆಗಳ ಅಂಗಡಿ. ಈಚೆಗೆ ಒಂದು ಕಂಪನಿಯವರು ಏರ್ ಫ್ರೈಯರ್ ಅನ್ನುವ ಡಬ್ಬಿ ಕಳಿಸಿದರು. ಎಣ್ಣೆಯ ಬದಲು ಬಿಸಿ ಗಾಳಿಯಲ್ಲೇ ಕರಿಯುತ್ತದಂತೆ. ಭಾನುವಾರ ಅವರ ಸಾಹೇಬರು ಬರುತ್ತಾರೆ, ಅವರ ಎದುರು ನಾನು ಜನ ಸೇರಿಸಿ ಅಡುಗೆ ಮಾಡಿ ತೋರಿಸಬೇಕು. ಜನ ಸೇರಿದರೆ ಸುತ್ತಲಿನ ಊರುಗಳಿಗೆಲ್ಲ ಏಜೆನ್ಸಿ ನನಗೆ, ಇಲ್ಲದಿದ್ದರೆ ಎದುರು ಸಾಲಿನ ಅಂಗಡಿಗೆ.

ಎದುರು ಸಾಲಿನ ಅಂಗಡಿ ನನ್ನ ಷಡ್ಡಕನದು.

“ಏಜೆನ್ಸಿ ಅಲ್ಲಿಗಿ ಹೋತಂದ್ರ ನಾ ಪಂಚಮಿಗಿ ತವರಮನಿಗಿ ಹೋಗೂದಿಲ್ಲ ನೋಡ್ರಿ. ನಮ್ಮಕ್ಕ ಮಾತಿಗೊಮ್ಮೆ ಅದನ್ನ ಎತ್ತಿ ಆಡ್ತಾಳ” ಎಂದು ಹೆಂಡತಿ ಹೇಳಿಬಿಟ್ಟಳು.

ಏನು ಮಾಡಿ ತೋರಿಸಬೇಕು ಅನ್ನುವುದನ್ನೂ ಕಂಪನಿಯವರೇ ಹೇಳಿದ್ದರು. ಫುಲ್ ಇಂಗ್ಲಿಷ್ ಬ್ರೇಕ್‌ಫಾಸ್ಟ್. ತತ್ತಿ, ಬ್ರೆಡ್, ಟೊಮೆಟೊ, ಅಣಬೆ, ಬೀನ್ಸ್, ಸಾಸೇಜ್. ಬೆಳಗಾದರೆ ರೊಟ್ಟಿ, ಪುಂಡಿಪಲ್ಯ ಉಣ್ಣುವ ನನಗೆ ಅದು ನಾಷ್ಟಾವೋ ಸಂತೆಯೋ ತಿಳಿಯಲಿಲ್ಲ.

ಒಳಗೆ ಗಾಳಿ

ಮೊದಲು ಮನೆಯಲ್ಲೇ ಕೈ ಕೂಡಿಸಿಕೊಳ್ಳೋಣ ಎಂದು ಬ್ರೆಡ್ಡಿನ ನಾಲ್ಕು ತುಂಡು ಒಳಗಿಟ್ಟು ಚಾಲೂ ಮಾಡಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಎಣ್ಣಿ ಎಲ್ಲಿ ಹಾಕಿದ್ಯೋ?”

“ಎಣ್ಣಿ ಬ್ಯಾಡಬೇ. ಇದರಾಗ ಗಾಳಿ ಐತಿ. ಅದ ಎಲ್ಲಾ ಮಾಡ್ತೈತಿ.”

ಗಾಳಿ ಅನ್ನಬಾರದಿತ್ತು. ನಮ್ಮ ಕಡೆ ಗಾಳಿ ಬೀಸುವುದೂ ಉಂಟು, ಮೈಯಲ್ಲಿ ಹೊಗುವುದೂ ಉಂಟು. ಅವ್ವ ಯಾವುದನ್ನು ತಿಳಿದಳೋ, ಅಷ್ಟರಲ್ಲಿ ಹಗುರವಾದ ಬ್ರೆಡ್ಡು ಒಳಗಿನ ಫ್ಯಾನಿನ ರಭಸಕ್ಕೆ ಎದ್ದು ಡಬಡಬ ಬಡಿಯತೊಡಗಿತು. ಅವ್ವ ದೇವರ ಕೋಣೆಗೆ ಓಡಿಹೋಗಿ ಬೀರಪ್ಪನ ಭಂಡಾರ ತಂದು ಮಷೀನಿನ ನೆತ್ತಿಯ ಮೇಲೆ ಒಂದು ಹಿಡಿ ತೂರಿದಳು. ಅರಿಷಿಣ ಒಳಗೆ ಹೋಗಿ ಕಂಪನಿಯ ಮಾಲು ಕೆಟ್ಟೀತೆಂದು ಹೆದರಿ ನಾನು ಪ್ಲಗ್ ಕಿತ್ತೆ. ಸದ್ದು ನಿಂತಿತು.

“ಬಿಟ್ಟು ಹೋತು ನೋಡು” ಎಂದು ಅವ್ವ ಕೈ ಮುಗಿದಳು.

ಕಿತ್ತ ಪ್ಲಗ್ಗನ್ನು ನಾನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಹಳದಿಯಾದ ಬ್ರೆಡ್ಡನ್ನು ನನ್ನ ಕೈಗಿಟ್ಟು, “ಮೂರ ದಿನದಿಂದ ಬರೇ ಇದರದ ಮಾತು. ನಿನಗೂ ಒಂದೀಟ ಗಾಳಿ ಹತ್ತಿರಬೇಕು, ತಿನ್ನ” ಅಂದಳು.

ಸಾಸೇಜ್

ಸಾಸೇಜ್ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಲು ನಾಚಿಕೆ. ಬೇಕರಿಯವನ ಮುಂದೆ ನಿಂತು, ದಿನಾ ತಿನ್ನುವವನ ಹಾಗೆ, “ಸಾಸೇಜ್ ಐತೇನ್ರಿ?” ಅಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿ, ಟೊಮೆಟೊ ಸಾಸಿನ ಬಾಟಲಿ ತೆಗೆದು ಗಾಜಿನ ಮೇಲಿಟ್ಟ.

“ಇದು ಸಾಸ್ ಅಲ್ಲೇನ್ರಿ? ನಾ ಕೇಳಿದ್ದು ಸಾಸೇಜ್.”

“ಗೊತ್ತಾತ್ರಿ. ಸಾಸ್ ಇದ. ಏಜ್ ತಳಕ್ಕ ಬರದೈತಿ ನೋಡ್ರಿ, ಇನ್ನ ಎರಡ ತಿಂಗಳ ಕೆಡೂದಿಲ್ಲ.”

ಹೌದಲ್ಲ ಅನ್ನಿಸಿ, ತಲೆಯಾಡಿಸಿ ಕೊಂಡು ಬಂದೆ.

ಹೊಳೆ ದಂಡೆಯ ಗಿರಾಕಿ

ಶನಿವಾರ ಗಲಗಲಿಯ ರೈತರೊಬ್ಬರು ಕುಕ್ಕರಿನ ರಬ್ಬರಿಗೆ ಬಂದವರು ಹೊಸ ಡಬ್ಬಿ ಕಂಡು ಕೂತರು. ಒಬ್ಬ ಗಿರಾಕಿಯಾದರೂ ಕುದುರಿದರೆ ಸಾಹೇಬರ ಮುಂದೆ ಮಾನ ಉಳಿದೀತೆಂದು ನಾನು ಚಹಾ ತರಿಸಿ, ಗಂಟಲು ಒಣಗುವತನಕ ವಿವರಿಸಿದೆ.

“ಅಂದ್ರ ಇದರಾಗ ಏನ ಕೆಲಸ ಇದ್ರೂ ಗಾಳೀದ” ಅಂದರು.

“ಖರೆ ಐತ್ರಿ. ಎಲ್ಲಾ ಗಾಳೀದ.”

“ಡಬ್ಬಿ ಬರೇ ಡಬ್ಬಿ.”

“ಬರೇ ಡಬ್ಬಿ ಅಂದ್ರೂ ನಡೀತೈತ್ರಿ.”

ಅವರು ಚಹಾ ಮುಗಿಸಿ, ಕಪ್ಪು ಬಸಿಯನ್ನು ಕೆಳಗಿಟ್ಟು, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ನಮ್ಮದು ಹೊಳಿ ದಂಡಿ ಮನಿ. ಗಾಳಿ ರಗಡ ಐತಿ, ಪುಕ್ಕಟ ಬರ್ತೈತಿ. ಗಾಳೀದ ರೊಕ್ಕ ಮುರಕೊಂಡು ಬರೇ ಡಬ್ಬೀದ ರೇಟ್ ಹೇಳ್ರಿ.”

ಫುಲ್ ಇಂಗ್ಲಿಷ್

ಜನ ಸೇರಬೇಕಲ್ಲ, ಅಂಗಡಿಯ ಮುಂದೆ ಒಂದು ಫ್ಲೆಕ್ಸ್ ಹಾಕಿಸಿದ್ದೆ. ‘ಫುಲ್ ಇಂಗ್ಲಿಷ್ ಬ್ರೇಕ್‌ಫಾಸ್ಟ್ ಪುಕ್ಕಟೆ’ ಅಂತ ಬರೆಯಲು ಹೇಳಿದರೆ ಫ್ಲೆಕ್ಸಿನವನು, “ಮುಂಜಾನೆ ಎಂಟಕ್ಕ ಅಂತ ಐತೆಲ್ಲ, ಮತ್ತ ಬ್ರೇಕ್‌ಫಾಸ್ಟ್ ಯಾಕ್ರಿ? ಅಕ್ಷರ ಸಣ್ಣ ಆಕ್ಕಾವು” ಎಂದು ಆ ಪದ ತೆಗೆದಿದ್ದ. ‘ಫುಲ್ ಇಂಗ್ಲಿಷ್ ಪುಕ್ಕಟೆ’ ಅನ್ನುವ ಅಕ್ಷರಗಳು ಬಸ್ ಸ್ಟ್ಯಾಂಡಿನವರೆಗೆ ಕಾಣುತ್ತಿದ್ದವು. ನನಗೆ ಖುಷಿಯೇ ಆಯಿತು.

ಭಾನುವಾರ ಬಾಗಿಲು ತೆಗೆಯುವ ಹೊತ್ತಿಗೆ ಬೀದಿ ತುಂಬಿತ್ತು. ಮುಧೋಳದವರು, ಬೀಳಗಿಯವರು, ಬನಹಟ್ಟಿಯಿಂದ ಒಂದು ಟೆಂಪೊ. ಎಲ್ಲರೂ ಗಂಡಸರು. ಕೆಲವರ ಕೈಯಲ್ಲಿ ಸ್ಟೀಲಿನ ಗ್ಲಾಸು, ನೀರಿನ ಬಾಟಲಿ. ಬಿಸಿಲಿಗೆ ತಂದಿರಬೇಕೆಂದುಕೊಂಡೆ. ಚೆನ್ನೈನಿಂದ ರಾತ್ರಿಯೆಲ್ಲ ರೈಲು, ಬಸ್ಸು ಹಿಡಿದು ನಿದ್ದೆಗೆಟ್ಟು ಬಂದ ಸಾಹೇಬರ ಕೆಂಪು ಕಣ್ಣು ಅರಳಿದವು. ಅಡುಗೆ ಕಲಿಯಲು ಇಷ್ಟು ಗಂಡಸರು ಸೇರಿದ್ದನ್ನು ಎಲ್ಲೂ ನೋಡಿಲ್ಲ ಎಂದು ನನ್ನ ಕೈ ಕುಲುಕಿದರು. ಎದುರಿನ ಕಟ್ಟೆಯ ಮೇಲೆ ಷಡ್ಡಕನ ಮುಖ ಇಳಿದುಹೋಗಿತ್ತು.

ತತ್ತಿ, ಬ್ರೆಡ್, ಟೊಮೆಟೊ, ಅಣಬೆ, ಬೀನ್ಸ್ ಕಾಯಿ, ಮೇಲೆ ಸಾಸ್. ಎಲ್ಲರಿಗೂ ಚೂರು ಚೂರು ಹಂಚಿದೆವು. ಎಲ್ಲರೂ ತಿಂದರು. ತಿಂದವರು ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ತಲೆಗೆ ಪಟಗಾ ಸುತ್ತಿದ ಹಿರಿಯರೊಬ್ಬರು ಮೀಸೆ ಒರೆಸಿಕೊಂಡು, “ಸೈಡ್ ಛಲೋ ಆತು, ತಮ್ಮಾ. ಇನ್ನ ಮೇನ್ ತಗಿ” ಅಂದರು.

“ಎಂಥಾ ಮೇನ್‌ರಿ ಕಾಕಾ?”

“ನೀನ ಬರಿಸಿ ನಮ್ಮನ್ನ ಕೇಳ್ತೀ? ಕ್ವಾರ್ಟರ್ ಅಲ್ಲ, ಹಾಫ್ ಅಲ್ಲ, ಫುಲ್ ಅಂತ ಬರಿಸೀದಿ. ಅದೂ ನಾಡ ದಾರು ಅಲ್ಲ, ಇಂಗ್ಲಿಷ್. ತಗಿ.”

ಆಗ ನನಗೆ ಗ್ಲಾಸುಗಳ ಅರ್ಥವಾಯಿತು. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವನು ಊರಿಗೆಲ್ಲ ಬಾಟಲಿ ಹಂಚುತ್ತೇನೆಂದು ಡಂಗುರ ಹೊಡೆಸಿದ್ದೆ. ಹಿಂದಿನವರು “ಇಂಗ್ಲಿಷ್, ಇಂಗ್ಲಿಷ್” ಎಂದು ಕೂಗತೊಡಗಿದರು. ಷಡ್ಡಕ ಎದ್ದು ನಿಂತು ನಗುತ್ತಿದ್ದ. ಬಾಗಿಲಲ್ಲಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕನ್ನಡ ಅಷ್ಟಿಷ್ಟೇ ತಿಳಿಯುವ ಸಾಹೇಬರಿಗೆ ಆ ಗದ್ದಲದಲ್ಲಿ ತಿಳಿದದ್ದು ಒಂದೇ ಪದ. ಜನರಿಗೆ ಇಂಗ್ಲಿಷ್ ಬೇಕಾಗಿದೆ. ಸ್ಟೂಲ್ ಹತ್ತಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಬೆವರು ಸುರಿಸಿ, ಕೈ ಬೀಸಿ, ಸ್ಟೂಲಿನ ಮೇಲೆ ಅತ್ತಿತ್ತ ವಾಲುತ್ತ, ಬಿಸಿ ಗಾಳಿಯ ಮಹಿಮೆ ಹೇಳಿದ್ದೇ ಹೇಳಿದ್ದು. ಜನ ಮೆಲ್ಲಗೆ ಸುಮ್ಮನಾದರು. ಹಿರಿಯರು ಅವರನ್ನೇ ನೋಡಿ ನೋಡಿ, ಕೊನೆಗೆ ಎದ್ದು ಜನರ ಕಡೆ ತಿರುಗಿದರು.

“ಏಳ್ರಿ ಎಲ್ಲಾರೂ. ಫುಲ್ ಖಾಲಿ ಆಗೈತಿ. ನಮಗ ಸೈಡ್ ತಿನ್ನಿಸಿ ಈ ಸಾಹೇಬ ಒಬ್ಬನ ಮುಗಿಸ್ಯಾನ. ಮುಂಜಾನೆ ಮುಂಜಾನೆ ಹೆಂಗ ಇಂಗ್ಲಿಷ್ ಮಾತಾಡಾಕತ್ತಾನ ನೋಡ್ರಿ.”

ಹಿರಿಯರು ಏನೆಂದರು ಎಂದು ಸಾಹೇಬರು ಬಗ್ಗಿ ನನ್ನನ್ನು ಕೇಳಿದರು. ನಾನು ಷಡ್ಡಕನನ್ನು ನೋಡಿದೆ, ಹೆಂಡತಿಯನ್ನು ನೋಡಿದೆ.

“ನಿಮ್ಮದು ಫುಲ್ ಇಂಗ್ಲಿಷ್ ಅಂತಾರೆ, ಸರ್.”

ಸಾಹೇಬರ ಕಣ್ಣು ತುಂಬಿ ಬಂತು. ಏಜೆನ್ಸಿ ನಿಮ್ಮದೇ ಎಂದು ನನ್ನ ಬೆನ್ನು ತಟ್ಟಿ, ಸ್ಟೂಲಿನಿಂದ ಇಳಿದವರೇ ಹಿರಿಯರನ್ನು ಗಟ್ಟಿಯಾಗಿ ಅಪ್ಪಿಕೊಂಡರು. ಹಿರಿಯರು ಆ ಅಪ್ಪುಗೆಯಲ್ಲೇ ಅವರ ಬಾಯಿಯ ಹತ್ತಿರ ಮೂಗು ಒಯ್ದು, ಎರಡು ಸಲ ಮೂಸಿ, ನನಗೆ ಹೇಳಿದರು:

“ವಾಸನಿ ಸೈತ ಬರವಲ್ದು. ಭಾಳ ತುಟ್ಟಿ ಮಾಲ ಇರಬೇಕು.”