ಅರಿಶಿನ ಕುಡಿದ ಸಂಶೋಧನಾ ಪತ್ರಿಕೆ

ದ್ರವಗಳ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದೇ ನಾನು ನಂಬಿದ್ದೆ. ನೀರು ಯಾಕೆ ಸುಳಿಯಾಗುತ್ತದೆ, ಬತ್ತಿಯಲ್ಲಿ ಎಣ್ಣೆ ಹೇಗೆ ಮೇಲೇರುತ್ತದೆ ಎಂದು ಮೂವತ್ತು ವರ್ಷ ದಾವಣಗೆರೆಯ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಮಾಡಿದವನು. ನಿವೃತ್ತನಾದ ಮೇಲೆ ಸುಮ್ಮನಿರಲಾರದೆ ದ್ರವಚಲನೆಯ ಬಗ್ಗೆ ಒಂದು ಸಂಶೋಧನಾ ಪತ್ರಿಕೆ ಆರಂಭಿಸಿದೆ. ಪ್ರಧಾನ ಸಂಪಾದಕ ನಾನೇ!

ಮೊದಲ ಸಂಚಿಕೆ ಅಚ್ಚಾದದ್ದು ನಿಟ್ಟುವಳ್ಳಿಯ ರಹಮತ್ ಸಾಹೇಬರ ಪ್ರೆಸ್ಸಿನಲ್ಲಿ. ಮದುವೆ ಕಾರ್ಡು ಅವರ ಮುಖ್ಯ ಕಸುಬು. ಐವತ್ತು ಪ್ರತಿಗಳ ಕಟ್ಟನ್ನು ಕೈಗಿಡುತ್ತಾ, "ಸಾರ್, ಮೊದಲ್ನೇ ಕೆಲ್ಸ. ಮೂಲೆಗೆ ಒಂಚೂರು ಅರಿಶಿನ ಹಚ್ಚಿ ದೇವ್ರ ಮುಂದೆ ಇಡ್ರಿ. ಕಾರ್ಡ್ ಒಯ್ದೋರೆಲ್ಲ ಹಂಗೇ ಮಾಡ್ತಾರೆ" ಎಂದರು.

ಅಂದು ಹನ್ನೊಂದಕ್ಕೆ ಹರಿಹರದಿಂದ ನನ್ನ ಹಳೆಯ ವಿದ್ಯಾರ್ಥಿನಿ ವೀಣಾ ಬರುವವಳಿದ್ದಳು. ತುಂಗಭದ್ರೆಯ ಸೇತುವೆ ಕಂಬಗಳ ಸುತ್ತ ನೀರು ಸುಳಿಯಾಗುವ ಬಗ್ಗೆ ಅವಳ ಲೇಖನ ಆ ಸಂಚಿಕೆಯಲ್ಲಿತ್ತು. ಅಚ್ಚಾದ ಪ್ರತಿಯನ್ನು ಪಿಎಚ್.ಡಿ. ಪ್ರಬಂಧಕ್ಕೆ ಲಗತ್ತಿಸಿ ಅಂದೇ ಸಂಜೆ ಐದರೊಳಗೆ ವಿಶ್ವವಿದ್ಯಾಲಯಕ್ಕೆ ಕೊಡದಿದ್ದರೆ ಅವಳ ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

"ಮ್ಯಾಲಿನ ಒಂದಕ್ಕೆ ಬೆರಳಲ್ಲಿ ಹಚ್ರಿ, ಸಾಕು" ಎಂದಳು ಮನೆಯಲ್ಲಿ ಹೆಂಡತಿ ಶೈಲಾ.

ಒಂದಕ್ಕೆ ಹಚ್ಚಿ ಉಳಿದ ನಲವತ್ತೊಂಬತ್ತಕ್ಕೆ ಅನ್ಯಾಯ ಮಾಡುವುದೇ? ಎಂಜಿನಿಯರ್ ಅಲ್ಲವೇ ನಾನು! ದೊಡ್ಡ ಪರಾತದಲ್ಲಿ ಅರಿಶಿನ ನೀರು ಕಲಸಿ, ಇಡೀ ಕಟ್ಟನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿದೆ. ಒಂದೇ ಏಟಿಗೆ ಐವತ್ತು ಪ್ರತಿಗಳ ಎರಡೆರಡು ಮೂಲೆ!

ಹಳದಿ ಬಣ್ಣ ಹಾಳೆಗಳಲ್ಲಿ ಮೇಲೇರತೊಡಗಿತು. ಕೂಡಲೇ ಎತ್ತಬೇಕಿತ್ತು. ಆದರೆ ಹೊಲಿಗೆ ಹಾಕಿದ ಬೆನ್ನಿನ ಕಡೆ ಬೇಗ ಏರುತ್ತಿದ್ದ ಬಣ್ಣ, ಅಂಚಿನ ಕಡೆ ನಿಧಾನವಾಗಿ ಏರುತ್ತಿತ್ತು. ಯಾಕಿರಬಹುದು? ಓಡಿಹೋಗಿ ಸ್ಕೇಲು, ಗಡಿಯಾರ ತಂದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಮಿಷಕ್ಕೊಂದು ಸಲ ಅಳತೆ ಬರೆಯುತ್ತಾ ಕುಳಿತೆ.

"ರೀ! ಏನ್ ಮಾಡಾಕತ್ತೀರಿ?" ಶೈಲಾ ಕೂಗಿದಳು. "ಮೊದ್ಲು ಎತ್ರಿ ಅದನ್ನ!"

"ಎರಡೇ ನಿಮಿಷ ತಡಿಯೇ! ವೇಗ ಈಗ ಕಮ್ಮಿ ಆಗಾಕತ್ತೈತೆ!"

ಅಷ್ಟರಲ್ಲಿ ವೀಣಾ ಬಾಗಿಲಲ್ಲಿ ನಿಂತಿದ್ದಳು. ಒಂದು ಪ್ರತಿ ಎತ್ತಿ ಬಿಡಿಸಲು ನೋಡಿದಳು. ಹಾಳೆಗೆ ಹಾಳೆ ಅಂಟಿ, ಅವಳ ಸೇತುವೆ ಕಂಬಗಳು ಸೊಂಟದವರೆಗೆ ಹಳದಿ ನೀರಿನಲ್ಲಿ ಮುಳುಗಿದ್ದವು. ಬೇರೆ ಪ್ರತಿಗಳೂ ಅಷ್ಟೇ. "ಸಾರ್, ಇವತ್ತೇ ಕೊನೇ ದಿನ" ಎಂದವಳ ಕಣ್ಣು ತುಂಬಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶೈಲಾ ಸ್ಕೂಟಿ ಕೀಲಿ ಎತ್ತಿಕೊಂಡಳು. "ಬಾ ವೀಣಾ, ಪ್ರೆಸ್ಸಿಗೆ ಹೋಗಾಣ."

ನಾನೂ ಚಪ್ಪಲಿ ಮೆಟ್ಟಿದೆ.

"ನೀವು ಬರಬ್ಯಾಡ್ರಿ. ಅಲ್ಲಿ ಮಷಿನ್ ಐತೆ!"

ರಹಮತ್ ಸಾಹೇಬರು ಕೈಯಲ್ಲಿದ್ದ ಮದುವೆ ಕಾರ್ಡಿನ ಕೆಲಸ ನಿಲ್ಲಿಸಿ ಒಂದು ಹೊಸ ಪ್ರತಿ ಅಚ್ಚು ಹಾಕಿ ಕೊಟ್ಟರಂತೆ. ನಾಲ್ಕೂವರೆಗೆ ವೀಣಾಳ ಫೋನ್ ಬಂತು: "ಕೊಟ್ಟೆ ಸಾರ್!" ನನಗೆ ಹೋದ ಜೀವ ಬಂತು.

ಜೀವ ಬಂದ ಮೇಲೆ ಬುದ್ಧಿಯೂ ಬರಬೇಕಲ್ಲ? ಬರಲಿಲ್ಲ. ಕ್ಯಾಲೆಂಡರಿನ ಅಳತೆಗಳನ್ನು ಜೋಡಿಸಿ, 'ಹೊಲಿದ ಕಾಗದದಲ್ಲಿ ಅರಿಶಿನ ನೀರಿನ ಆರೋಹಣ' ಎಂಬ ಲೇಖನ ಬರೆದು ನಮ್ಮ ಎರಡನೇ ಸಂಚಿಕೆಗೇ ಸಲ್ಲಿಸಿದೆ. ಲೇಖಕರ ಹೆಸರು ಮುಚ್ಚಿ ಪರಿಶೀಲಕರಿಗೆ ಕಳಿಸುವುದು ನಮ್ಮ ನಿಯಮ. ಪರಿಶೀಲಕರ ಅಭಿಪ್ರಾಯ ಬಂತು: "ಈ ಲೇಖಕರು ಅಳೆಯುವ ಬದಲು ಪುಸ್ತಕಗಳನ್ನು ಎತ್ತಬೇಕಿತ್ತು. ಪ್ರಕಟಣೆಗೆ ಅನರ್ಹ."

ತಿರಸ್ಕಾರ ಪತ್ರಕ್ಕೆ ಪ್ರಧಾನ ಸಂಪಾದಕರೇ ಸಹಿ ಹಾಕಬೇಕು. ನಿಯಮವೆಂದರೆ ನಿಯಮ! 'ಮಾನ್ಯರೇ, ವಿಷಾದದಿಂದ ತಿಳಿಸುವುದೇನೆಂದರೆ...' ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ, ಎಸ್.ಎಸ್. ಬಡಾವಣೆಯ ನನ್ನ ವಿಳಾಸಕ್ಕೇ ಅಂಚೆಗೆ ಹಾಕಿದೆ.

ಮೂರನೆಯ ದಿನ ಪತ್ರ ಬಂತು. ಓದಿ ನನಗೆ ಬಹಳ ಬೇಜಾರಾಯಿತು!