ಕ್ರಾಂಜಿಯ ಹಕ್ಕಿಗಳೂ ನನ್ನ ಗಂಟಲೂ

ನಾನು ಎಲ್ಲಿಗೆ ಹೋದರೂ ಏನಾದರೊಂದು ಆಗದೆ ಬಿಡುವುದಿಲ್ಲ. ಅದು ನನ್ನ ತಪ್ಪಲ್ಲ, ಜಾಗದ ತಪ್ಪು. ಕಳೆದ ಶನಿವಾರ ಬೆಳಿಗ್ಗೆಯದನ್ನೇ ಕೇಳಿ.

ಸಿಂಗಾಪುರದ ಪಾಯಾ ಲೆಬಾರ್ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಮೈಸೂರಿನವನು. ದಿನಾ ಊಟದ ಹೊತ್ತಿಗೆ ಅವನಿಗೆ ನಮ್ಮೂರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾಲ್ಕು ಅಂದರೆ ಊಟ ಮುಗಿಯುವವರೆಗೆ. ಆ ಶನಿವಾರದ ಹಿಂದಿನ ದಿನ, "ಹಕ್ಕಿ ವಿಷಯದಲ್ಲಿ ನನ್ನನ್ನ ಮೀರಿಸೋರೇ ಇಲ್ಲ" ಅಂದೆ.

"ಹಾಗಾದ್ರೆ ಕ್ರಾಂಜಿ ಹಕ್ಕಿಧಾಮಕ್ಕೆ ಬಾ ಗುರೂ. ನನ್ನ ಆ್ಯಪ್ ಮುಂದೆ ಸೋತ್ರೆ ಇನ್ಮೇಲೆ ಆಫೀಸಲ್ಲಿ ನಿಮ್ಮೂರಿನ ಸುದ್ದಿ ಬಂದ್!"

ಊಟ ಬಿಡು ಅಂದಿದ್ದರೆ ಬಿಡುತ್ತಿದ್ದೆ. ಊರಿನ ಸುದ್ದಿ ಬಿಟ್ಟು ಬದುಕೋದು ಹೇಗೆ? ಹೊರಟೆ.

1. ಬೆಳ್ಳಕ್ಕಿ

ನೀರಿನಲ್ಲಿ ಮೂರು ಬಿಳಿ ಹಕ್ಕಿ ನಿಂತಿದ್ದವು.

"ಹೆಸರು ಹೇಳು" ಅಂದ ಮೈಸೂರಿನವನು.

"ಸಣ್ಣ ಬೆಳ್ಳಕ್ಕಿ, ನಡು ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಟೀ ಶರ್ಟ್ ಸೈಜ್ ಹೇಳ್ತಿದ್ದೀಯೇನೋ!" ಅಂತ ಫೋನ್ ಎತ್ತಿ ಮೂರಕ್ಕೂ ಹಿಡಿದ. ನಗು ನಿಂತಿತು. ಇಣುಕಿ ನೋಡಿದೆ. ಲಿಟಲ್ ಎಗ್ರೆಟ್, ಮೀಡಿಯಂ ಎಗ್ರೆಟ್, ಗ್ರೇಟ್ ಎಗ್ರೆಟ್.

ಆ ಆ್ಯಪ್ ಮಾಡಿದವನು ನಮ್ಮೂರಿನವನೇ ಇರಬೇಕು.

2. ಕಲ್ಲು

ಕಾಲುದಾರಿಯಲ್ಲಿ ಒಂದು ಮಂಗ ನನ್ನ ಚಿತ್ರಾನ್ನದ ಚೀಲವನ್ನೇ ನೋಡುತ್ತಾ ಕೂತಿತ್ತು.

"ಹಿಂದೆ ಸರಿಯೋ" ಅಂದ ಇವನು.

"ಹೆದರಬೇಡ, ಕಲಿತುಕೋ. ಸುಮ್ನೆ ನೆಲಕ್ಕೆ ಬಗ್ಗಬೇಕು. ಕಲ್ಲು ತಗೊಳ್ತಾನೆ ಅಂತ ತಾನೇ ಓಡುತ್ತೆ" ಅಂದು ಬಗ್ಗಿದೆ.

ನಮ್ಮೂರಿನ ಮಂಗವಾಗಿದ್ದರೆ ಅಷ್ಟರಲ್ಲಿ ಪಕ್ಕದೂರು ಸೇರಿರುತ್ತಿತ್ತು. ಇದು, ಏನಾದರೂ ಬಿತ್ತೇನೋ ಅಂತ ನನ್ನ ಜೊತೆಗೇ ಬಗ್ಗಿ ನೆಲ ನೋಡಿತು. ಆಮೇಲೆ ಚೀಲ ತೆಗೆದುಕೊಂಡು ನಿಧಾನವಾಗಿ ಮರ ಹತ್ತಿತು.

ಪಾಪ, ಹುಟ್ಟಿದಾಗಿನಿಂದ ಕಲ್ಲೇಟು ಕಂಡಿಲ್ಲ. ಅದಕ್ಕೆ ಸಂಸ್ಕಾರ ಎಲ್ಲಿಂದ ಬರಬೇಕು?

3. ಅಟ್ಟಣೆ

ಕೊನೆಗೆ ಹಕ್ಕಿ ನೋಡುವ ಮರದ ಗುಡಿಸಲಿಗೆ ಹೋದೆವು. ಕಂಬಗಳ ಮೇಲೆ ಕಟ್ಟಿದ್ದು. ಒಳಗೆ ಮೊಳದುದ್ದದ ಲೆನ್ಸ್ ಹಿಡಿದ ಅಂಕಲ್‌ಗಳು ಸಾಲಾಗಿ ಕೂತಿದ್ದರು. ಮೈಸೂರಿನವನು ಹೊಸ್ತಿಲಿನಿಂದಲೇ ಶುರು ಮಾಡಿದ: "ಶ್! ಮಾತಾಡಬೇಡ. ಶ್! ಚಪ್ಪಲಿ ಸದ್ದು. ಶ್!"

ಕಿಟಕಿಯಿಂದ ಇಣುಕಿದೆ. ಎದುರಿಗೆ ಹೊಲದಷ್ಟು ಕೆಸರು, ಅದರ ತುಂಬ ಹಕ್ಕಿ. ಈಗ ಯೋಚನೆ ಮಾಡಿ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ಕೂತು ಹಕ್ಕಿ ಓಡಿಸಿ ಬೆಳೆದವನು ನಾನು. ಇದೂ ಅಟ್ಟಣೆಯೇ. ಕೈ ತಾನಾಗಿಯೇ ಬಾಯಿಯ ಹತ್ತಿರ ಹೋಯಿತು.

"ಹೋಯ್! ಹೋ ಹೋ ಹೋಯ್!"

ಕೆಸರು ಖಾಲಿ. ಆಕಾಶ ಭರ್ತಿ. ಕ್ಯಾಮೆರಾಗಳೆಲ್ಲ ಟಕಟಕ ಅಂದವು.

"ಮುಗೀತು ನಿನ್ನ ಊರಿನ ಕಥೆ" ಅಂತ ಇವನು ನನ್ನ ಕಾಲರ್ ಹಿಡಿದ. "ಸಾರಿ ಅಂಕಲ್, ವೆರಿ ಸಾರಿ, ಇವನು ಹಳ್ಳಿಯವನು..."

ಮೂಲೆಯಲ್ಲಿದ್ದ ಚೀನೀ ಅಂಕಲ್ ಕ್ಯಾಮೆರಾ ಇಳಿಸಿ ನನ್ನ ಹತ್ತಿರ ಬಂದರು. ಬೈಗುಳಕ್ಕೆ ತಯಾರಾಗಿ ನಿಂತೆ.

"ಬೆಳಿಗ್ಗೆಯಿಂದ ಕಾಯ್ತಿದ್ವಿ ಲಾ" ಅಂದರು ಸಿಂಗಾಪುರದ ಇಂಗ್ಲಿಷಿನಲ್ಲಿ. "ಒಂದೂ ರೆಕ್ಕೆ ಬಿಚ್ಚಿರಲಿಲ್ಲ, ಎಲ್ಲಾ ನಿದ್ದೆ. ಮುಂದಿನ ಶನಿವಾರವೂ ಬಾ."

ಆಮೇಲೆ ಮೈಸೂರಿನವನ ಕಡೆ ಬೆರಳು ತೋರಿಸಿದರು.

"ಇವನನ್ನ ಮಾತ್ರ ಕರ್ಕೊಂಡು ಬರಬೇಡ. ತುಂಬಾ ಗಲಾಟೆ ಮಾಡ್ತಾನೆ."