ಅತ್ತೆಯ ಹಾಡು ವೈರಿನಲ್ಲಿ ಹೊರಟಿದ್ದು

ಎರಡು ಕಂಪ್ಯೂಟರಿನ ನಡುವೆ ಒಂದು ವೈರ್ ಹಾಕಿದರೆ ಮುಗಿಯಿತು, ಇದಕ್ಕೆಲ್ಲ ಇಂಜಿನಿಯರ್ ಯಾಕೆ ಎಂದು ಹೆಂಡತಿ ಗಿರಿಜಾಗೆ ಅಭಯಹಸ್ತ ತೋರಿಸಿದವನು ನಾನೇ.

ನಾದಿನಿಯ ಮದುವೆ ಕಂಪ್ಲಿಯಲ್ಲಿ. ತೀರಿಕೊಂಡ ನಮ್ಮತ್ತೆ ಹಿಂದೊಮ್ಮೆ ನಮ್ಮ ಕಂಪ್ಯೂಟರಿನ ಮುಂದೆ ಕೂತು ಸೋಬಾನೆ ಪದ ಹಾಡಿದ್ದು ಅದರಲ್ಲೇ ರೆಕಾರ್ಡ್ ಆಗಿತ್ತು. ಅರಿಶಿನದ ದಿನ ಅವ್ವನ ದನಿ ಕೇಳಲೇಬೇಕೆಂದು ಮದುಮಗಳ ಹಟ. ಯಶವಂತನಗರದ ಗಣಿ ಆಫೀಸಿನಲ್ಲಿದ್ದ ನನ್ನ ಷಡ್ಡಕ, ಹಾಡು ತುಂಬಿ ತರಲು ತನ್ನ ಲ್ಯಾಪ್‌ಟಾಪ್ ಕೊಟ್ಟು ಹೋಗಿದ್ದ. ಸಿಡಿ ಮಾಡೋಣವೆಂದರೆ, ಅದಿರಿನ ಲಾರಿಗಳ ಕೆಂಪು ಧೂಳು ಕುಡಿದು ನಮ್ಮ ಸಿಡಿ ಡ್ರೈವ್ ಎಂದೋ ಕಣ್ಣು ಮುಚ್ಚಿತ್ತು.

ನಮ್ಮದು ವಿಂಡೋಸ್, ಷಡ್ಡಕನದು ಲಿನಕ್ಸ್. ವೈರ್ ಚುಚ್ಚಿದೆ, ಪುಸ್ತಕ ನೋಡಿ ಎರಡಕ್ಕೂ ಒಂದೊಂದು ನಂಬರ್ ಕೊಟ್ಟೆ. ಎರಡೂ ಪರಸ್ಪರ ಗುರುತಿಸಿದವು. ಆದರೆ ಹಾಡು ಮಾತ್ರ ಹೊಸ್ತಿಲು ದಾಟದು! ಆಗ ನನಗೆ ಜ್ಞಾನೋದಯವಾಯಿತು. ನಮ್ಮ ಕಂಪ್ಯೂಟರ್ ಹೆಣ್ಣಿನ ಕಡೆ, ಲ್ಯಾಪ್‌ಟಾಪ್ ಗಂಡಿನ ಕಡೆ. ಹೆಣ್ಣಿನ ಕಡೆಯವರು ತಾವಾಗಿ ಮೊದಲು ಹೋಗುವುದು ನಮ್ಮಲ್ಲುಂಟೇ? ಗಂಡಿನ ಕಡೆಯವರು ಬರಬೇಕು. ಸರಿ, ಲ್ಯಾಪ್‌ಟಾಪಿನಲ್ಲಿ "ಹಲೋ, ಬೀಗರು ಆರಾಮದೀರೇನ್ರಿ?" ಎಂದು ನನ್ನ ದನಿ ತುಂಬಿದೆ. ನೆಂಟಸ್ತಿಕೆ ಕೂಡಲೆಂದು ಅದಕ್ಕೂ ಹಾಡಿನ ಹೆಸರನ್ನೇ ಇಟ್ಟು, 'ಅವ್ವ' ಎಂದು ಬರೆದು, ನಮ್ಮ ಕಂಪ್ಯೂಟರಿಗೆ ಕಳಿಸಿದೆ. ಪರದೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಬೀಗರು ಕೇಳಿದ್ದಕ್ಕೆ ಇಲ್ಲ ಅನ್ನುವ ಮನೆತನ ನಮ್ಮದಲ್ಲ. ಯೆಸ್ ಒತ್ತಿದೆ.

ಈಗ ಎರಡೂ ಕಡೆ 'ಅವ್ವ' ಕಂಡಿತು. ಹಾಡು ದಾಟಿತೆಂದು ಕುರ್ಚಿಗೊರಗಿದೆ. ನಮ್ಮೂರು ಚಿತ್ತವಾಡ್ಗಿಯ ಮಧ್ಯಾಹ್ನ, ಕಿಟಕಿಯ ಬಿಸಿಲಲ್ಲಿ ಕೆಂಪು ಧೂಳು ಮೆಲ್ಲಗೆ ತೇಲುತ್ತಿತ್ತು. ಕಣ್ಣೆದುರು ಹಂಪಿಯ ಹೊಳೆ ಬಂತು. ಹರಿಗೋಲಿನಲ್ಲಿ ಅತ್ತೆ ಕೂತಿದ್ದಾರೆ, ಹುಟ್ಟು ನನ್ನ ಕೈಯಲ್ಲಿದೆ, ಬಂಡೆಗಳೆಲ್ಲ ಕಿವಿಗೊಟ್ಟು ಹಾಡು ಕೇಳುತ್ತಿವೆ. ಅತ್ತೆ ನಡುವೆ ನಿಲ್ಲಿಸಿ ಅಳಿಯ ಭಾಳ ಶ್ಯಾಣ್ಯಾ ಎಂದರು. ಅದು ಕನಸೆಂದು ನನಗೆ ಆಗಲೇ ತಿಳಿಯಬೇಕಿತ್ತು.

ಎಚ್ಚರವಾದಾಗ ಗಿರಿಜಾ ಲ್ಯಾಪ್‌ಟಾಪಿನಲ್ಲಿ ಹಾಡು ಹಚ್ಚಿದ್ದಳು. ಬೀಗರ ಯೋಗಕ್ಷೇಮ ವಿಚಾರಿಸುವ ನನ್ನ ದನಿ! ನಮ್ಮ ಕಂಪ್ಯೂಟರಿನಲ್ಲಿ ಹಚ್ಚಿದಳು. ಅಲ್ಲೂ ನಾನೇ. ಹೆಸರು ಒಂದೇ ಇದ್ದದ್ದಕ್ಕೆ, ನಾನು ಒತ್ತಿದ ಯೆಸ್‌ಗೆ ಅಸಲಿ ಹಾಡು ಅಳಿಸಿಹೋಗಿ ಅದರ ಮೇಲೆ ನನ್ನ ಹಲೋ ಕೂತುಬಿಟ್ಟಿತ್ತು.

"ಅವ್ವ ಇನ್ನೊಮ್ಮೆ ಹೋದಂಗಾತು ನೋಡ್ರಿ," ಅಂದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಂಪ್ಲಿಯಲ್ಲಿ ಅರಿಶಿನಕ್ಕೆ ಕೂತ ಮದುಮಗಳು ಅಕ್ಕನ ಮುಖ ನೋಡಿದಳು. ಗಿರಿಜಾ ಲ್ಯಾಪ್‌ಟಾಪ್ ಬದಿಗಿಟ್ಟು ತಾನೇ ಶುರು ಮಾಡಿದಳು. ಅದೇ ಪದ, ಅದೇ ಎಳೆತ, ಅತ್ತೆ ಉಸಿರು ತೆಗೆದುಕೊಳ್ಳುತ್ತಿದ್ದ ಕಡೆಯೇ ಉಸಿರು. ಇಷ್ಟು ವರ್ಷ ಜೊತೆಗಿದ್ದೂ ಅವಳು ಹಾಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಮದುಮಗಳ ಕೆನ್ನೆಯ ಅರಿಶಿನ ಕಣ್ಣೀರಿಗೆ ಕರಗಿ ಇಳಿಯುತ್ತಿತ್ತು. ನನ್ನ ಕಣ್ಣೂ ತುಂಬಿ, ಚಪ್ಪರವೆಲ್ಲ ಹಳದಿ ಮಂಜಾಯಿತು.

ಹಿಂದೆ ಕೂತವರಿಗೂ ಕೇಳಲೆಂದು ನಾನು ಮೈಕ್ ಹಚ್ಚಲು ಎದ್ದೆ. ಗಿರಿಜಾ ಹಾಡು ನಿಲ್ಲಿಸಿದಳು.

"ರೀ, ನೀವು ಏನೂ ಮುಟ್ಟಬ್ಯಾಡ್ರಿ. ಸುಮ್ನ ಕುಂದ್ರಿ."

ಕೂತೆ. ಆ ಮದುವೆಯಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ.